ಗಿಳಿಪಾಠದ ಕಡತ

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ತಾಳವಾಡಿ ಕಡೆಯವರು. ನಾನು ಕನ್ನಡದವಳೆಂದು ಗೊತ್ತಾದ ದಿನದಿಂದ ‘ಅಕ್ಕಾ’ ಎಂದೇ ಕರೆಯುತ್ತಾರೆ. ಹತ್ತನೇ ತರಗತಿ ಪಾಸಾಗಿರುವ ಅವರ ಮಗ ಒಮ್ಮೆ ಬ್ಯಾಂಕಿನ ತಮಿಳು ಫಾರಂ ಹಿಡಿದು ಬಂದ. ಓದಪ್ಪಾ ಎಂದೆ. ಗಟ್ಟಿಯಾಗಿ, ಎಲ್ಲೂ ತಡವರಿಸದೆ ಒಂದು ಪ್ಯಾರಾ ಓದಿದ. ಏನು ಕೇಳಿದ್ದಾರೆ ಇಲ್ಲಿ ಎಂದರೆ, “ಓದಕ್ಕೆ ಬತ್ತದೆ ಅಕ್ಕಾ, ಏನಂತ ಗೊತ್ತಾಗಲ್ಲ.” ಮನೆಮಾತು ಕನ್ನಡವಲ್ಲವೇ ಎಂದು ಕನ್ನಡ ಪತ್ರಿಕೆ ಕೊಟ್ಟೆ. ಅಲ್ಲಿ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಟ್ಟ. ಒಂದು ಭಾಷೆಯಲ್ಲಿ ಅಕ್ಷರವಿದೆ, ಅರ್ಥವಿಲ್ಲ. ಇನ್ನೊಂದರಲ್ಲಿ ಅರ್ಥವಿದೆ, ಅಕ್ಷರವಿಲ್ಲ. ಕೈಯಲ್ಲಿ ಮಾತ್ರ ಮಾರ್ಕ್ಸ್ ಕಾರ್ಡ್ ಇತ್ತು.

‘ಶಾಲೆ ಮುಗಿಸಿಯೂ ಓದುಬರಹ ಬಾರದವರು’ ಎಂದಾಗ ನಾವು ಈ ಎರಡು ಬೇರೆಬೇರೆ ಸೋಲುಗಳನ್ನು ಒಂದೇ ಗಂಟಿಗೆ ಕಟ್ಟುತ್ತೇವೆ. ಇದು ಇತ್ತೀಚಿನ ರೋಗ ಎಂದೂ ನಂಬುತ್ತೇವೆ. ಅದು ಇತ್ತೀಚಿನದಲ್ಲ ಎನ್ನುವುದಕ್ಕೆ ಸಾಕ್ಷಿ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ.

ನುಂಗಂಬಾಕ್ಕಂನ ಕಾಲೇಜ್ ರೋಡಿನಲ್ಲಿರುವ ಡಿಪಿಐ ಆವರಣ ತಮಿಳುನಾಡಿನ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರ. 2022ರಲ್ಲಿ ಅದಕ್ಕೆ ಪ್ರೊಫೆಸರ್ ಅನ್ಬಳಗನ್ ಹೆಸರಿಟ್ಟರು. ಆಟೋದವರಿಗೆ ಇನ್ನೂ ಡಿಪಿಐ ಎಂದರೇ ಗೊತ್ತಾಗುವುದು. ರಸ್ತೆಗೆ ‘ಕಾಲೇಜ್’ ಎಂಬ ಹೆಸರು ಬಂದದ್ದು ಎಫ್. ಡಬ್ಲ್ಯು. ಎಲ್ಲಿಸ್ 1812ರಲ್ಲಿ ಕಟ್ಟಿದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನಿಂದ. ಕಂಪನಿಯ ಎಳೆಯ ಅಧಿಕಾರಿಗಳು ತಮಿಳು, ತೆಲುಗು, ಕನ್ನಡ ಕಲಿತು ಜಿಲ್ಲೆಗಳಿಗೆ ಹೋಗಬೇಕೆಂಬುದು ಅದರ ಉದ್ದೇಶ. ಭಾಷಾಶಾಸ್ತ್ರ ಓದಿದವರಿಗೆ ಇದು ಪುಣ್ಯಕ್ಷೇತ್ರವಿದ್ದಂತೆ. ದ್ರಾವಿಡ ಭಾಷೆಗಳು ಒಂದೇ ಕುಟುಂಬದವು ಎಂದು ಎಲ್ಲಿಸ್ ಬರೆದದ್ದು ಇದೇ ಕಾಲೇಜಿನ 1816ರ ತೆಲುಗು ವ್ಯಾಕರಣದ ಮುನ್ನುಡಿಯಲ್ಲಿ, ಕಾಲ್ಡ್‌ವೆಲ್‌ಗಿಂತ ನಲವತ್ತು ವರ್ಷ ಮೊದಲು. ಆ ವ್ಯಾಕರಣ ಬರೆದವನು ಎ. ಡಿ. ಕ್ಯಾಂಪ್‌ಬೆಲ್. ಮುಂದೆ ಅವನು ಬಳ್ಳಾರಿಯ ಕಲೆಕ್ಟರ್ ಆದ.

1822ರಲ್ಲಿ ಗವರ್ನರ್ ಥಾಮಸ್ ಮನ್ರೊ, ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಏನು ಕಲಿಸುತ್ತಾರೆ ತಿಳಿಸಿ ಎಂದು ಎಲ್ಲ ಕಲೆಕ್ಟರುಗಳನ್ನು ಕೇಳಿದ. ಹಲವರು ಅಂಕಿಪಟ್ಟಿ ತುಂಬಿ ಕಳಿಸಿದರು. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಒಂದು ಪ್ರಬಂಧವನ್ನೇ ಬರೆದ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರವೂ ಸೇರಿತ್ತು. ಜನಸಂಖ್ಯೆ 9,27,857. ಶಾಲೆಗಳು 533, ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಮಕ್ಕಳು 6,641, ಎಂದರೆ ಸಾವಿರ ಜನರಿಗೆ ಸುಮಾರು ಏಳು. ಹೆಣ್ಣುಮಕ್ಕಳು ಅರವತ್ತೇ ಅರವತ್ತು.

ಶಾಲೆಯ ಒಳಗಿನ ಚಿತ್ರವನ್ನೂ ಕೊಡುತ್ತಾನೆ. ಮುಂಜಾನೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತ ಹೋಗುತ್ತದೆ. ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುವುದು, ಕಲಿತ ಹುಡುಗ ಕಲಿಯುವ ಹುಡುಗನಿಗೆ ಹೇಳಿಕೊಡುವುದು ಅವನಿಗೆ ಬಹಳ ಹಿಡಿಸಿತು. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎನ್ನುತ್ತಾನೆ. ಅದರ ಬೆನ್ನಿಗೇ ದೋಷವನ್ನೂ ಎತ್ತುತ್ತಾನೆ. ಓದುವ ಕಾವ್ಯದ ಭಾಷೆಯೇ ಬೇರೆ, ಆಡುವ ಭಾಷೆಯೇ ಬೇರೆ. ಲಿಪಿ ಒಂದೇ ಆದ್ದರಿಂದ ಹುಡುಗ ಅಕ್ಷರ ಕೂಡಿಸಿ ಉಚ್ಚರಿಸುತ್ತಾನೆ, ನೂರಾರು ಪದ್ಯಗಳನ್ನು ಒಪ್ಪಿಸುತ್ತಾನೆ. ಅರ್ಥದ ವಿಷಯಕ್ಕೆ ಬಂದರೆ ಮಾತು ಕಲಿಸಿದ ಗಿಳಿಗೆ ತಿಳಿದಷ್ಟೇ ಅವನಿಗೂ ತಿಳಿದಿರುವುದು. ಮೇಷ್ಟರಿಗೂ ಅರ್ಥ ಗೊತ್ತಿರುವುದು ಅಪರೂಪ. ಹೀಗೆ ಕಲಿತವರು ಮುಂದೆ ಒಂದು ಸಾದಾ ಪತ್ರ ಬರೆಯಲೂ ಕಷ್ಟಪಡುತ್ತಾರೆ.

ಈ ವರದಿಗೆ ವಿಚಿತ್ರ ಗತಿ ಬಂತು. ಧರ್ಮಪಾಲ್ 1983ರಲ್ಲಿ ತಮ್ಮ ‘ದ ಬ್ಯೂಟಿಫುಲ್ ಟ್ರೀ’ ಪುಸ್ತಕದಲ್ಲಿ ಇದನ್ನು ಪ್ರಕಟಿಸಿದ ಮೇಲೆ, ನಮ್ಮ ಕೂಲಿಮಠಗಳು ಎಷ್ಟು ಚೆನ್ನಾಗಿದ್ದವು ಎನ್ನುವವರು ಮರಳಿನ ಭಾಗವನ್ನು ಉದ್ಧರಿಸುತ್ತಾರೆ. ಎಷ್ಟು ಕೆಟ್ಟದಾಗಿದ್ದವು ಎನ್ನುವವರು ಗಿಳಿಯ ಭಾಗವನ್ನು. ಮೂರನೆಯ ಭಾಗವನ್ನು ಇಬ್ಬರೂ ಅಷ್ಟಾಗಿ ಮುಟ್ಟುವುದಿಲ್ಲ. ವಿಲಾಯಿತಿ ಬಟ್ಟೆ ಬಂದು ನೇಕಾರರು ಕೆಟ್ಟರು, ಊರು ಬಡವಾಯಿತು, ತಂದೆತಾಯಿಗೆ ಸಂಬಳ ಕೊಡಲಾಗದೆ ಶಾಲೆಗಳು ಕಣ್ಮರೆಯಾಗುತ್ತಿವೆ ಎಂದು ಕಂಪನಿಯ ಕಲೆಕ್ಟರನೇ ಕಂಪನಿಗೆ ಬರೆದಿದ್ದ.

ಇಂಗ್ಲೆಂಡಿನ ಅನುಕರಣೆ ಎಂದು ಅವನು ಹೇಳಿದ್ದು ಆಂಡ್ರೂ ಬೆಲ್‌ನ ‘ಮದ್ರಾಸ್ ಪದ್ಧತಿ’ಯನ್ನು. ಎಗ್ಮೋರಿನ ಅನಾಥಾಲಯದಲ್ಲಿ ಪಾದ್ರಿ ಬೆಲ್ ಮರಳಿನ ಬರವಣಿಗೆಯನ್ನೂ ಹುಡುಗರಿಂದ ಹುಡುಗರಿಗೆ ಪಾಠ ಹೇಳಿಸುವುದನ್ನೂ ಅಳವಡಿಸಿಕೊಂಡ; ಊರಿಗೆ ಮರಳಿ 1797ರಲ್ಲಿ ಪುಸ್ತಕ ಬರೆದ. ಹಳ್ಳಿಯಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬ ಐಗಳಿದ್ದಾಗ ಹೊಂದುತ್ತಿದ್ದ ಉಪಾಯ ಅಲ್ಲಿ ನೂರಾರು ಮಕ್ಕಳಿಗೆ ಒಬ್ಬನೇ ಮಾಸ್ತರನನ್ನಿಟ್ಟು ಖರ್ಚು ಉಳಿಸುವ ಯಂತ್ರವಾಯಿತು.

ಮುಂದಿನ ಆಮದು ಇನ್ನೂ ಕೆಟ್ಟದ್ದು. 1862ರಲ್ಲಿ ಇಂಗ್ಲೆಂಡ್, ಇನ್‌ಸ್ಪೆಕ್ಟರ್ ಮುಂದೆ ಎಷ್ಟು ಮಕ್ಕಳು ಪಾಸಾದರೋ ಅಷ್ಟೇ ಅನುದಾನ ಎಂಬ ನಿಯಮ ತಂದಿತು. ಮದ್ರಾಸ್ ಪ್ರಾಂತ್ಯವೂ ಅದೇ ದಶಕದಲ್ಲಿ ಆ ದಾರಿ ಹಿಡಿಯಿತು. ಕವಿ ಮ್ಯಾಥ್ಯೂ ಆರ್ನಾಲ್ಡ್ ಹೊಟ್ಟೆಪಾಡಿಗೆ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವನು. ಜಾಣತನದಿಂದ ತಯಾರು ಮಾಡಿದರೆ ಓದು, ಬರಹ, ಲೆಕ್ಕ ಬಾರದ ಮಕ್ಕಳನ್ನೂ ಓದು, ಬರಹ, ಲೆಕ್ಕದ ಪರೀಕ್ಷೆಯಲ್ಲಿ ಪಾಸು ಮಾಡಿಸಬಹುದು ಎಂದು ಅವನು 1869ರಲ್ಲೇ ವರದಿ ಕೊಟ್ಟ. ಭಾರತದಲ್ಲಿ ಈ ಪದ್ಧತಿಯನ್ನು ಕೈಬಿಡುವ ಮಾತು ಬಂದದ್ದು 1904ರ ಕರ್ಜನ್ ನಿರ್ಣಯದಲ್ಲಿ.

ಹಣದ ಗಂಟು ಬಿಚ್ಚಿತು, ಅಭ್ಯಾಸ ಉಳಿಯಿತು. ಎಂಟನೇ ತರಗತಿಯವರೆಗೆ ಫೇಲ್ ಮಾಡಬಾರದು ಎಂದ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಇದಕ್ಕೆಲ್ಲ ಕಾರಣ ಎನ್ನುವವರು ಬಹಳ. ನನಗೆ ಹಾಗೆನಿಸುವುದಿಲ್ಲ. ಫೇಲ್ ಮಾಡುತ್ತಿದ್ದ ಕಾಲದಲ್ಲಿ ಓದಲು ಬಾರದ ಮಗು ಶಾಲೆ ಬಿಡುತ್ತಿತ್ತು, ಹಾಗಾಗಿ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಈಗ ಕೊನೆಯ ಬೆಂಚಿನಲ್ಲಿ ಕೂತಿದೆ, ಕಾಣುತ್ತದೆ. ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಎಂಟನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ. 73, ಕೊರೋನಾ ನಂತರ 2022ರಲ್ಲಿ ಶೇ. 69.6. ಇದೂ ಮುಖ್ಯವಾಗಿ ಗಟ್ಟಿಯಾಗಿ ಓದಿಸಿ ನೋಡುವ ಪರೀಕ್ಷೆ. ನಮ್ಮ ವಾಚ್‌ಮನ್ ಮಗ ತಮಿಳಿನಲ್ಲಿ ಇದನ್ನು ಆರಾಮಾಗಿ ದಾಟುತ್ತಾನೆ.

ಕನ್ನಡ ಅಕ್ಷರ ಕಲಿಕೆಯದು ಬೇರೆಯೇ ಕಷ್ಟ. ಕಾಗುಣಿತ ಸೇರಿದರೆ ನಾನ್ನೂರು ದಾಟುತ್ತದೆ, ಒತ್ತಕ್ಷರ ಬೇರೆ. ಮಕ್ಕಳು ಈ ಅಕ್ಷರಗಳನ್ನು ಪೂರ್ತಿ ಹಿಡಿಯಲು ನಾಲ್ಕನೇ, ಐದನೇ ತರಗತಿಯವರೆಗೂ ಬೇಕಾಗುತ್ತದೆ ಎಂದು ಕರ್ನಾಟಕದ ಶಾಲೆಗಳಲ್ಲಿ ಅಧ್ಯಯನ ಮಾಡಿದ ಸೋನಾಲಿ ನಾಗ್ ತೋರಿಸಿದ್ದಾರೆ. ಪಠ್ಯಪುಸ್ತಕ ಅಷ್ಟು ಕಾಯುವುದಿಲ್ಲ. ಮೂರನೇ ತರಗತಿಯ ಪರಿಸರ ಪಾಠವೇ ಮಗುವಿಗೆ ಓದು ಬರುತ್ತದೆ ಎಂದುಕೊಂಡು ಶುರುವಾಗುತ್ತದೆ. ಅಲ್ಲಿಂದ ಹತ್ತನೆಯವರೆಗೆ ಬೋರ್ಡಿನಿಂದ ನಕಲು, ಗೈಡಿನಿಂದ ಬಾಯಿಪಾಠ. ಕರ್ನಾಟಕದ ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂಬ ಆಸೆಯಿತ್ತು. ತಮಿಳುನಾಡು 2022ರಲ್ಲಿ ‘ಎಣ್ಣುಂ ಎಳುತ್ತುಂ’ ತಂದಿತು. ನಲಿ-ಕಲಿ ಮೂರನೇ ತರಗತಿಯ ಬಾಗಿಲಿನ ಆಚೆ ಮಗುವಿನ ಜೊತೆ ಬರುವುದಿಲ್ಲ; ‘ಎಣ್ಣುಂ ಎಳುತ್ತುಂ’ ಕೂಡ ಶುರುವಾದಾಗ ಮೂರನೆಯವರೆಗಷ್ಟೇ ಇತ್ತು.

ಫಾರಂ ತುಂಬಲು ನಾನೂ ಆ ಹುಡುಗನೂ ಒಂದು ಗಂಟೆ ಕೂತೆವು. ಒಂದೊಂದು ತಮಿಳು ಸಾಲಿಗೂ ಕನ್ನಡದಲ್ಲಿ ಏನೆಂದು ಅವನೇ ಹೇಳಬೇಕು, ಇದು ಕರಾರು. ‘ವಾರಿಸು’ ಎಂಬ ಪದಕ್ಕೆ ಬಂದಾಗ ನಿಂತ. ವಾರಸುದಾರ ಕಣೋ ಎಂದೆ. “ಓ, ವಾರಸ್ದಾರನಾ?” ಎಂದು ತಂದೆಯ ಹೆಸರು ಬರೆದ.