ಬಳ್ಳಾರಿಗೆ ಬಂದ ಪತ್ರಿಕೆ ಮತ್ತು ನಮ್ಮ ಆದೋನಿ

ನಾನು ಆದೋನಿ ಕಡೆಯವಳು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕಲ್ಲಚ್ಚಿನ ಪಾಕ್ಷಿಕ ‘ಮಂಗಳೂರ ಸಮಾಚಾರ’ ಶುರು ಮಾಡಿದರು. ಕ್ರಿಸ್ತನ ಮಾತನ್ನು ಜನರಿಗೆ ಮುಟ್ಟಿಸುವುದು ಮಿಷನ್ನಿನ ಗುರಿ. ಅದರ ಶಾಲೆಗಳಲ್ಲಿ ಓದು ಕಲಿತ ಎಳೆಯರಿಗೆ ಅಚ್ಚಾದ ಕನ್ನಡವೂ ಬೇಕಿತ್ತು. ಬರೀ ಉಪದೇಶವಾದರೆ ಯಾರು ಓದ್ತಾರೆ? ಪತ್ರಿಕೆಯಲ್ಲಿ ಊರ ಸುದ್ದಿ, ಸರ್ಕಾರದ ಕಾನೂನು, ಕಥೆ, ದಾಸರ ಪದಗಳೂ ಇದ್ದವು. ಮತ ಸಾರಲು ಬಂದವರು ಸುದ್ದಿ ಓದುವ ರುಚಿ ಹತ್ತಿಸಿದರು ಅಂತ ನನ್ನ ತಿಳುವಳಿಕೆ.

1844ರಲ್ಲಿ ಅದು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಯಿಂದ ಹೊರಟಿತು. ಆಗ ಆದೋನಿ, ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಂಧ್ರಕ್ಕೆ ಹೋದದ್ದು 1953ರಲ್ಲಿ. ಹಾಗಾಗಿ ಮೊದಲ ಕನ್ನಡ ಪತ್ರಿಕೆಯ ಚರಿತ್ರೆಯಲ್ಲಿ ನಮಗೂ ಪಾಲುಂಟು. ಇವತ್ತು ನಮ್ಮ ಗಡಿಯ ಕನ್ನಡ ಶಾಲೆ ಮಕ್ಕಳ ಕೈಗೆ ಯಾವ ಪತ್ರಿಕೆ ಕೊಡ್ತೀವಿ? ಚರ್ಚೆ ಅಲ್ಲಿಂದ ಶುರುವಾಗಲಿ.