ಗುಲಾಮರನ್ನು ಬಿಡಿಸಿದವರು ಯಾರು? ಒಂದು ಅಂಕದ ಉತ್ತರ ಸಾಲದು

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಅಮೆರಿಕದಲ್ಲಿ ಗುಲಾಮಗಿರಿ ರದ್ದುಪಡಿಸಿದವರು ಯಾರು? ಉತ್ತರ: ಅಬ್ರಹಾಂ ಲಿಂಕನ್. ಅಂಕ ಬಂತು, ಸರಿ. ಇತಿಹಾಸ ಅರ್ಥವಾಯಿತೇ? ಇದೇ ಪ್ರಶ್ನೆಯನ್ನು ನಾಲ್ಕು ಸಣ್ಣ ಪ್ರಶ್ನೆಗಳಾಗಿ ಒಡೆದು ನೋಡೋಣ.

1. ಅಂತರ್ಯುದ್ಧ ಯಾಕಾಯಿತು?
ರಾಜ್ಯಗಳ ಹಕ್ಕಿಗಾಗಿ ಎಂದು ಕೆಲವರು ಬರೆಯುತ್ತಾರೆ. ಯಾವ ಹಕ್ಕು ಎಂದು ಕೇಳಿದರೆ ಗಂಟು ಬಿಚ್ಚುತ್ತದೆ. 1860ರಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಅವರ ದುಡಿಮೆಯಿಂದಲೇ ದಕ್ಷಿಣದ ಹತ್ತಿ ಬೆಳೆಯುತ್ತಿತ್ತು. ಮಿಸಿಸಿಪ್ಪಿ ರಾಜ್ಯ ಒಕ್ಕೂಟ ಬಿಟ್ಟಾಗ ಹೊರಡಿಸಿದ ಘೋಷಣೆಯಲ್ಲಿ ಗುಲಾಮಗಿರಿಯೇ ಮುಖ್ಯ ಕಾರಣವೆಂದು ಹೇಳಿಕೊಂಡಿತ್ತು.

2. 1863ರ ಜನವರಿ 1ರ ಘೋಷಣೆ ಯಾರಿಗೆ ಅನ್ವಯಿಸಿತು?
ಬಂಡೆದ್ದ ಪ್ರದೇಶಗಳ ಗುಲಾಮರಿಗೆ ಮಾತ್ರ. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಡೆಲವೇರ್‌ನಂಥ ರಾಜ್ಯಗಳಿಗೆ ಅದು ತಟ್ಟಲಿಲ್ಲ. ದೇಶಕ್ಕೆಲ್ಲ ಗುಲಾಮಗಿರಿ ನಿಷೇಧಿಸಿದ್ದು ಸಂವಿಧಾನದ 13ನೇ ತಿದ್ದುಪಡಿ. ಅದು ಜಾರಿಗೆ ಬಂದದ್ದು 1865ರ ಡಿಸೆಂಬರ್‌ನಲ್ಲಿ. ಲಿಂಕನ್ ಏಪ್ರಿಲ್‌ನಲ್ಲೇ ಹತ್ಯೆಯಾಗಿದ್ದರು.

3. ಗುಲಾಮರು ಸುಮ್ಮನೆ ಕಾಯುತ್ತಿದ್ದರೇ?
ಇಲ್ಲ. ಸಾವಿರಾರು ಜನ ತೋಟಗಳಿಂದ ತಪ್ಪಿಸಿಕೊಂಡು ಒಕ್ಕೂಟದ ಸೇನಾ ಶಿಬಿರ ಸೇರಿದರು. ಸುಮಾರು 1.8 ಲಕ್ಷ ಕಪ್ಪು ಜನರು ಆ ಸೇನೆಯಲ್ಲಿ ಹೋರಾಡಿದರು. ಒಂದೇ ಹೆಸರಿನ ಉತ್ತರದಲ್ಲಿ ಕಾಣೆಯಾಗುವವರು ಇವರೇ.

4. ನಮಗೇನು ಸಂಬಂಧ?
ಒಕ್ಕೂಟದ ನೌಕಾಪಡೆ ದಕ್ಷಿಣದ ಬಂದರುಗಳನ್ನು ತಡೆಹಿಡಿಯಿತು. ಹತ್ತಿ ಸಿಗದೆ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳ ಕಾರ್ಮಿಕರು ಉಪವಾಸ ಬಿದ್ದರು. ವ್ಯಾಪಾರಿಗಳ ಕಣ್ಣು ಮುಂಬಯಿ ಪ್ರಾಂತದ ಕಡೆ ತಿರುಗಿತು. ಆಗ ಧಾರವಾಡ ಆ ಪ್ರಾಂತದಲ್ಲಿತ್ತು. ಅಮೆರಿಕದ ಬೀಜ ಅಲ್ಲಿಗೆ 1840ರ ದಶಕದಲ್ಲೇ ಬಂದಿತ್ತು. ಆ ಹತ್ತಿಯನ್ನು ಧಾರವಾಡ-ಅಮೆರಿಕನ್ ಎಂದೇ ಕರೆಯುತ್ತಿದ್ದರು. ಹತ್ತಿಯ ಬೆಲೆ ಏರಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಕುಸಿಯಿತು. ದೂರದ ಯುದ್ಧಕ್ಕೆ ಊರಿನ ಹತ್ತಿಯ ದರ ಹೆಚ್ಚುಕಡಿಮೆಯಾಗುವುದು ಇಂದಿನ ಕಥೆಯಷ್ಟೇ ಅಲ್ಲ.

ಪರೀಕ್ಷೆಯಲ್ಲಿ ಲಿಂಕನ್ ಎಂದೇ ಬರೆಯಿರಿ, ಅಂಕ ಬಿಡಬೇಡಿ. ಓದುವಾಗ ಮಾತ್ರ ಪ್ರತಿ ಉತ್ತರದ ಮುಂದೆ ಮೂರು ಪ್ರಶ್ನೆ ಹಾಕಿಕೊಳ್ಳಿ: ಯಾಕೆ? ಯಾರಿಗೆ? ಆಮೇಲೆ ಏನಾಯಿತು? ಬಿಡುಗಡೆ ಎಂದರೆ ದೊಡ್ಡವರೊಬ್ಬರು ಕೊಟ್ಟ ದಾನ ಎಂದು ನಮ್ಮ ಮಕ್ಕಳು ಕಲಿತರೆ, ತಮ್ಮ ಹಕ್ಕನ್ನೂ ಯಾರೋ ಬಂದು ಕೊಡಲಿ ಎಂದು ಕಾಯುತ್ತ ಕೂರುತ್ತಾರೆ.