ಉಪ್ಪುನೀರಿನ ಕೊಳದಲ್ಲಿ ಕ್ಲೋರಿನ್ ಎಲ್ಲಿಂದ ಬಂತು?

ಉಪ್ಪುನೀರಿನ ಈಜುಕೊಳವೆಂದರೆ ಕ್ಲೋರಿನ್ ಇಲ್ಲದ ಕೊಳ ಎಂದು ನಂಬಿದವರು ಬಹಳ ಮಂದಿ. ವಿಜ್ಞಾನದ ಇತಿಹಾಸವನ್ನು ಅಭ್ಯಾಸ ಮಾಡುತ್ತಿರುವ ನನಗೆ ಈ ನಂಬಿಕೆ ಕುತೂಹಲ ಹುಟ್ಟಿಸುತ್ತದೆ. ಏಕೆಂದರೆ ಆ ಕೊಳದಲ್ಲೂ ಕ್ಲೋರಿನ್ ಇದೆ. ಡಬ್ಬಿಯಿಂದ ತಂದು ಸುರಿಯುವ ಬದಲು ಅದನ್ನು ಉಪ್ಪಿನಿಂದ ಅಲ್ಲೇ ತಯಾರಿಸುತ್ತಾರೆ, ಅಷ್ಟೇ.

ಈ ವಿದ್ಯೆ ಹಳೆಯದು. ಹಳದಿ-ಹಸಿರು ಬಣ್ಣದ, ಉಸಿರುಗಟ್ಟಿಸುವ ಈ ಅನಿಲವನ್ನು ಕಾರ್ಲ್ ವಿಲ್ಹೆಲ್ಮ್ ಶೀಲೆ 1774ರಲ್ಲಿ ಪಡೆದ. ಅದೊಂದು ಮೂಲವಸ್ತು ಎಂದು 1810ರಲ್ಲಿ ಸಾರಿ ಕ್ಲೋರಿನ್ ಎಂದು ಹೆಸರಿಟ್ಟವನು ಹಂಫ್ರಿ ಡೇವಿ. ಆ ಹೆಸರು ಬರುವ ಮೊದಲೇ, ವೋಲ್ಟಾನ ಬ್ಯಾಟರಿಯ ಸುದ್ದಿ ಹಬ್ಬಿದ 1800ರಲ್ಲಿ, ವಿಲಿಯಂ ಕ್ರೂಕ್‌ಶ್ಯಾಂಕ್ ಉಪ್ಪುನೀರಿನಲ್ಲಿ ವಿದ್ಯುತ್ ಹಾಯಿಸಿ ಈ ಅನಿಲವನ್ನು ಹೊರತೆಗೆದಿದ್ದ.

ಹಾಗಿದ್ದೂ ಈ ಪ್ರಯೋಗ ಈಜುಕೊಳದವರೆಗೆ ಬರಲು ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ತೊಡಕು ಇದ್ದದ್ದು ಧನಾಗ್ರದಲ್ಲಿ. ಕಾರ್ಖಾನೆಗಳು ಬಳಸುತ್ತಿದ್ದ ಗ್ರಾಫೈಟ್ ಧನಾಗ್ರ ದಿನದಿಂದ ದಿನಕ್ಕೆ ಸವೆಯುತ್ತಿತ್ತು. 1960ರ ದಶಕದಲ್ಲಿ ಹೆನ್ರಿ ಬೀರ್ ಟೈಟೇನಿಯಂ ತಗಡಿಗೆ ರುಥೇನಿಯಂ ಆಕ್ಸೈಡಿನ ತೆಳುಲೇಪ ಕೊಟ್ಟು ಅದನ್ನು ಬಾಳಿಕೆ ಬರುವಂತೆ ಮಾಡಿದ. ಇಂದಿನ ಕೊಳಗಳ ಯಂತ್ರದೊಳಗೆ ಇರುವುದು ಅದೇ ವಂಶದ ತಗಡುಗಳು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ, ಇಂಥ ಕೊಳದಲ್ಲಿ 3ರಿಂದ 4 ಗ್ರಾಂ ಸಾಕು. ಕೊಳೆಯನ್ನೂ ಸೂಕ್ಷ್ಮಜೀವಿಗಳನ್ನೂ ನಾಶಮಾಡಿದ ಕ್ಲೋರಿನ್ ಬಹುಪಾಲು ಮರಳಿ ಉಪ್ಪಿನ ರೂಪಕ್ಕೇ ಬರುತ್ತದೆ. ಆದ್ದರಿಂದ ಉಪ್ಪು ಖರ್ಚಾಗುವುದು ಮುಖ್ಯವಾಗಿ ನೀರು ಹೊರಗೆ ಚೆಲ್ಲಿದಾಗ ಮತ್ತು ಸೋಸುಕವನ್ನು ತೊಳೆದಾಗ.

ಸಮಸ್ಯೆ ಇರುವುದು ಬೇರೆ ಕಡೆ. ಈ ಕೊಳಗಳ ಪಿಎಚ್ ಮೆಲ್ಲಗೆ ಏರುತ್ತಲೇ ಇರುತ್ತದೆ. ಪಿಎಚ್ 7.5 ಇದ್ದಾಗ ಕ್ರಿಮಿನಾಶಕ ಕ್ಲೋರಿನ್ನಿನ ಸುಮಾರು ಅರ್ಧದಷ್ಟು ಚುರುಕಾದ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಉಳಿಯುವುದು ಕಾಲುಭಾಗ. ನೀರು ತಿಳಿಯಾಗಿಯೇ ಕಾಣುತ್ತದೆ, ಆದರೆ ರೋಗಾಣು ಸಾಯುವುದು ತಡವಾಗುತ್ತದೆ. ಜೊತೆಗೆ ಋಣಾಗ್ರದ ಮೇಲೆ ಸುಣ್ಣ ಕಟ್ಟಿ ಕ್ಲೋರಿನ್ ತಯಾರಿಯೂ ಕುಗ್ಗುತ್ತದೆ. ವಿದ್ಯುತ್ತಿನ ದಿಕ್ಕನ್ನು ಆಗಾಗ ತಿರುಗಿಸುವ ಯಂತ್ರಗಳಿವೆ. ಅದಕ್ಕೂ ಬಗ್ಗದ ಸುಣ್ಣವನ್ನು ತೆಳು ಆಮ್ಲದಿಂದ ತೊಳೆಯಬೇಕು.

ಉಪ್ಪುನೀರು ಎಂಬ ಹೆಸರು ಎರಡು ಶತಮಾನಗಳ ರಸಾಯನವಿದ್ಯೆಯನ್ನು ಮರೆಮಾಚಿದೆ. ಕೊಳದಲ್ಲಿ ಬರೀ ಉಪ್ಪಿದೆ ಎಂದುಕೊಂಡವರು ಕ್ಲೋರಿನ್ನನ್ನೂ ಪಿಎಚ್ಅನ್ನೂ ಏಕೆ ಅಳೆದಾರು? ಅಳೆಯದೆ ಬಿಟ್ಟ ನೀರಿನಲ್ಲಿ ಈಜಲು ಇಳಿಯುವುದು ಮಕ್ಕಳು.